ದುರಸ್ತಿ ಮಾಡಿಸಿ ಮಾರುವುದೋ, ಇದ್ದ ಹಾಗೆಯೇ ಮಾರುವುದೋ?

ಮನೆ ಮಾರಬೇಕೆಂದು ತೀರ್ಮಾನಿಸಿದ ಮರುದಿನವೇ ಅದರ ಬಿರುಕುಗಳೆಲ್ಲ ಕಣ್ಣಿಗೆ ಬೀಳತೊಡಗುತ್ತವೆ. ಇಷ್ಟು ವರ್ಷ ಅದೇ ಗೋಡೆಗೆ ಒರಗಿ ಕುಳಿತಿದ್ದರೂ ಕಾಣದಿದ್ದ ತೇವದ ಕಲೆ, ಒತ್ತಿದರೆ ಟೊಳ್ಳು ಸದ್ದು ಮಾಡುವ ಗಾರೆ, ಮಳೆಗಾಲದಲ್ಲಿ ಮುಚ್ಚಿಕೊಳ್ಳದ ಬಾಗಿಲು, ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಒಬ್ಬರು ‘ಸುಣ್ಣಬಣ್ಣ ಮಾಡಿಸಿ, ಬೆಲೆ ತಾನಾಗಿ ಏರುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಕೊಂಡವರು ಹೇಗೂ ಒಡೆದು ಕಟ್ಟುತ್ತಾರೆ, ನೀವೇಕೆ ಕೈಯಿಂದ ಹಾಕುತ್ತೀರಿ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ನಿಮ್ಮ ಮನೆಗೆ ಯಾವುದು ಹೊಂದುತ್ತದೆ ಎಂಬುದು ಮಾತ್ರ ಲೆಕ್ಕ ಹಾಕದೆ ತಿಳಿಯುವುದಿಲ್ಲ.

ನಾವು ಹಿರಿಯರ ಮನೆ ಮಾರಲು ಹೊರಟಾಗ ಮೊದಲು ಕೇಳಿದ್ದು ಬಣ್ಣದವರ ಮಾತನ್ನು. ಸ್ನಾನದ ಮನೆಗೆ ಅಂಟಿಕೊಂಡ ಗೋಡೆಯಲ್ಲಿ ಹಳೆಯ ಒಸರು ಇತ್ತು. ಕೊಳವೆಯನ್ನು ಮುಟ್ಟದೆ ಗೋಡೆಗೆ ಎರಡು ಕೈ ಬಣ್ಣ ಬಳಿಸಿದೆವು. ನೋಡಲು ಬಂದ ಎರಡನೆಯ ಕುಟುಂಬದ ಹಿರಿಯರೊಬ್ಬರು ಏನನ್ನೂ ಕೇಳದೆ ಆ ಗೋಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ‘ಬಣ್ಣ ಯಾವಾಗ ಹೊಡೆಸಿದಿರಿ?’ ಎಂದರು. ಅಷ್ಟೇ. ಅಲ್ಲಿಂದ ಮುಂದೆ ನಾವು ಚಾವಣಿಯ ಬಗ್ಗೆ ಹೇಳಿದ ನಿಜವನ್ನೂ ಅವರು ನಂಬಲಿಲ್ಲ. ತೇವದ ಗೋಡೆಗೆಂದು ಅವರು ಕಡಿಮೆ ಮಾಡಿದ ಬೆಲೆ ಸಣ್ಣದು. ನಮ್ಮ ಮೇಲೆ ಹುಟ್ಟಿದ ಅನುಮಾನಕ್ಕೆ ಕಡಿಮೆ ಮಾಡಿದ ಬೆಲೆ ದೊಡ್ಡದು.

ಈ ಹೋಲಿಕೆಯಲ್ಲಿ ನಾನು ಹೇಳಹೊರಟಿರುವುದೂ ಅದನ್ನೇ. ದುರಸ್ತಿ ಮಾಡಿಸದೆ ಮನೆ ಮಾರಬಹುದು, ಎಷ್ಟೋ ಸಲ ಅದೇ ಜಾಣತನ. ಆದರೆ ದೋಷವನ್ನು ಅಳೆಯದೆ ಮಾರಲು ಹೋದರೆ ಅಳೆಯುವ ಕೆಲಸವನ್ನು ಕೊಳ್ಳುವವರ ಭಯ ಮಾಡುತ್ತದೆ, ಮತ್ತು ಭಯ ಯಾವಾಗಲೂ ಹೆಚ್ಚಿಗೆ ಅಳೆಯುತ್ತದೆ.

‘ಇದ್ದ ಸ್ಥಿತಿಯಲ್ಲಿ’ ಎಂಬ ಮಾತಿನ ಅರ್ಥ

ಕರಾರಿನಲ್ಲಿ ಈ ಮಾತು ಬಂದರೆ ಅದರ ಅರ್ಥ ಇಷ್ಟೇ: ಹಸ್ತಾಂತರಕ್ಕೆ ಮುಂಚೆ ಮಾರುವವರು ಏನನ್ನೂ ಸರಿಪಡಿಸಿಕೊಡುವುದಿಲ್ಲ, ಅದಕ್ಕೆ ತಕ್ಕ ಬೆಲೆ ಈಗಾಗಲೇ ಹಾಕಲಾಗಿದೆ. ಕೊಳ್ಳುವವರು ಪರೀಕ್ಷೆ ಮಾಡಿಸಬಾರದು ಎಂದಾಗಲಿ, ಗೊತ್ತಿರುವ ದೋಷದ ಬಗ್ಗೆ ಮಾರುವವರು ಮೌನವಾಗಿರಬಹುದು ಎಂದಾಗಲಿ ಇದರ ಅರ್ಥವಲ್ಲ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಈ ಮಾತು ಕಟ್ಟಡದ ಮೈಗೆ ಸಂಬಂಧಿಸಿದ್ದು, ಕಾಗದಪತ್ರಕ್ಕಲ್ಲ. ಒಡೆತನದ ತಕರಾರು, ಪಾಲುದಾರರ ಒಪ್ಪಿಗೆ, ತೀರದ ಸಾಲ, ಅನುಮತಿಯಿಲ್ಲದೆ ಕಟ್ಟಿದ ಕೋಣೆ, ಇವನ್ನೆಲ್ಲ ‘ಇದ್ದ ಸ್ಥಿತಿ’ಯ ಚಾಪೆಯಡಿ ತಳ್ಳಲು ಬರುವುದಿಲ್ಲ. ಗೋಡೆ ಬಿರುಕು ಬಿಟ್ಟ ಮನೆಗೆ ಗಿರಾಕಿ ಸಿಗುತ್ತಾರೆ. ಪತ್ರದಲ್ಲಿ ಬಿರುಕಿರುವ ಮನೆಗೆ ಸಿಗುವವರು ಅಪರೂಪ. ಆದ್ದರಿಂದ ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದು ಮೊದಲು ಹೋಗಬೇಕಾದದ್ದು ವಕೀಲರ ಬಳಿಗೆ, ಬಣ್ಣದ ಅಂಗಡಿಗೆ ಆಮೇಲೆ.

ನಾಲ್ಕು ದಾರಿ, ಒಂದೇ ಲೆಕ್ಕ

ಒಳ್ಳೆಯ ಸ್ಥಿತಿಯಲ್ಲಿದ್ದರೆ ನಿಮ್ಮ ಮನೆಗೆ ಬರುವ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ಮೇಸ್ತ್ರಿ ಕೊಟ್ಟ ದುರಸ್ತಿಯ ಅಂದಾಜು 8. ಮನೆ ಮಾರಾಟವಾಗದೆ ಉಳಿದ ಪ್ರತಿ ತಿಂಗಳಿಗೆ ಸಾಲದ ಬಡ್ಡಿ, ತೆರಿಗೆ, ವಿಮೆ, ಕಾವಲು ಎಲ್ಲ ಸೇರಿ ಅರ್ಧ ಖರ್ಚಾಗುತ್ತದೆ ಎಂದುಕೊಳ್ಳಿ. ಈ ಅಂಕಿಗಳು ಊಹೆಯವು. ಅವುಗಳ ಜಾಗದಲ್ಲಿ ನಿಮ್ಮವನ್ನು ಇಟ್ಟರೆ ಲೆಕ್ಕ ನಿಮ್ಮದಾಗುತ್ತದೆ.

ಮೊದಲನೆಯದು ಪೂರ್ತಿ ದುರಸ್ತಿ ಮಾಡಿಸಿ ಮಾರುವ ದಾರಿ. ಹಳೆಯ ಮನೆಯ ಕೆಲಸ ಅಂದಾಜಿನಲ್ಲೇ ಮುಗಿದದ್ದನ್ನು ನಾನು ಕಂಡಿಲ್ಲ. ಗೋಡೆ ಕೊರೆದಾಗ ಒಳಗಿನ ಕೊಳವೆಯೂ ಕೊಳೆತಿರುವುದು ಗೊತ್ತಾಗುತ್ತದೆ. ಎಂಟಿದ್ದದ್ದು ಹತ್ತಾಗುತ್ತದೆ, ಕೆಲಸಕ್ಕೆ ನಾಲ್ಕು ತಿಂಗಳು ಹಿಡಿದರೆ ಅದಕ್ಕೆ ಇನ್ನೆರಡು. ಕೈಗೆ ಬರುವುದು 88. ಅದಕ್ಕಿಂತ ಮುಖ್ಯ, ಆ ಹತ್ತನ್ನು ನೀವು ಮೊದಲೇ ಕೈಯಿಂದ ಹಾಕಿರಬೇಕು.

ಎರಡನೆಯದು ಏನೂ ಮಾಡದೆ, ಏನೂ ಹೇಳದೆ, ‘ಬಂದು ನೋಡಿ’ ಎಂದು ಮಾರುವ ದಾರಿ. ಕೊಳ್ಳುವವರು ದುರಸ್ತಿಯ ಎಂಟನ್ನು ಮಾತ್ರ ಕಳೆಯುವುದಿಲ್ಲ. ಕಾಣದ ದೋಷದ ಭಯಕ್ಕೆ ಒಂದಿಷ್ಟು, ಕೆಲಸ ಮಾಡಿಸುವ ತಲೆನೋವಿಗೆ ಒಂದಿಷ್ಟು, ಅಷ್ಟು ದಿನ ಬೇರೆಡೆ ಇರುವ ಬಾಡಿಗೆಗೆ ಒಂದಿಷ್ಟು ಎಂದು ಇನ್ನೂ ಏಳನ್ನಾದರೂ ಇಳಿಸುತ್ತಾರೆ. ಉಳಿಯುವುದು 85.

ಮೂರನೆಯದು ಏನನ್ನೂ ಸರಿಪಡಿಸದೆ ಎಲ್ಲವನ್ನೂ ಅಳೆಸಿ ಮಾರುವ ದಾರಿ. ಸ್ವತಂತ್ರ ಕಟ್ಟಡ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಿ, ಇಬ್ಬರು ಗುತ್ತಿಗೆದಾರರಿಂದ ಲಿಖಿತ ಅಂದಾಜು ತರಿಸಿ, ನೋಡಲು ಬಂದವರ ಕೈಗೆ ಎರಡನ್ನೂ ಕೊಡಿ. ಭಯಕ್ಕೆ ಕಳೆಯುವ ಏಳು ಈಗ ಮೂರಕ್ಕೆ ಇಳಿಯಬಹುದು. ಉಳಿಯುವುದು 89, ವರದಿಯ ಖರ್ಚು ಕಳೆದರೂ 88ರ ಮೇಲೆ. ಪೂರ್ತಿ ದುರಸ್ತಿಯ ದಾರಿಗೆ ಸಮವಾಗಿ ಬಂತು. ನಾಲ್ಕು ತಿಂಗಳ ದೂಳಿಲ್ಲ, ಮುಂಗಡ ಬಂಡವಾಳವೂ ಇಲ್ಲ.

ನಾಲ್ಕನೆಯದು, ಮನೆ ಕೊಂಡು ಸರಿಪಡಿಸಿ ಮರುಮಾರಾಟ ಮಾಡುವ ವ್ಯಾಪಾರಿಗೆ ನಗದಿಗೆ ಕೊಡುವ ದಾರಿ. ಈ ವ್ಯಾಪಾರದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಹೆಸರಾದ ಒಂದು ಕೈಲೆಕ್ಕವಿದೆ. ದುರಸ್ತಿಯಾದ ಮೇಲಿನ ಬೆಲೆಯಲ್ಲಿ ಶೇಕಡ 70 ತೆಗೆದುಕೊಂಡು, ಅದರಿಂದ ದುರಸ್ತಿಯ ಖರ್ಚು ಕಳೆದರೆ ಬರುವುದೇ ಅವರು ಕೊಡುವ ಗರಿಷ್ಠ ಮೊತ್ತ. ನಮ್ಮ ಲೆಕ್ಕದಲ್ಲಿ 62. ದಲ್ಲಾಳಿಯ ದಸ್ತೂರಿ ಉಳಿಯಿತು, ಕಾಯುವ ತಿಂಗಳುಗಳು ಉಳಿದವು ಎಂದು ಏನೇ ಸೇರಿಸಿದರೂ 65 ದಾಟುವುದು ಕಷ್ಟ. ಪೈಪೋಟಿ ಹೆಚ್ಚಿರುವ ಕಡೆ ಈ ಶೇಕಡಾವಾರು ಮೇಲೇರುತ್ತದೆ, ಆದರೂ ಮೊದಲ ಮೂರಕ್ಕೂ ಇದಕ್ಕೂ ಅಂತರ ದೊಡ್ಡದೇ.

ಆ ಅಂತರವನ್ನು ಮೋಸ ಎನ್ನಲಾರೆ. ಅದು ವೇಗದ ಬೆಲೆ. ಎರಡು ವಾರದಲ್ಲಿ ಹಣ ಬೇಕಾದವರಿಗೆ ಅದು ದುಬಾರಿಯಲ್ಲದೆಯೂ ಇರಬಹುದು. ಎಷ್ಟು ತೆರುತ್ತಿದ್ದೇವೆ ಎಂದು ತಿಳಿದು ತೆರಬೇಕು, ಅಷ್ಟೇ.

ಸಾಲ ಸಿಗುವ ಮನೆ, ಸಾಲ ಸಿಗದ ಮನೆ

ಮೇಲಿನ ಲೆಕ್ಕವನ್ನೆಲ್ಲ ಬುಡಮೇಲು ಮಾಡುವ ಪ್ರಶ್ನೆ ಒಂದಿದೆ: ಈ ಮನೆಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆಯೇ? ಕೊಳ್ಳುವವರಲ್ಲಿ ಬಹುಪಾಲು ಜನ ಸಾಲ ನಂಬಿಕೊಂಡೇ ಬರುವವರು. ಬ್ಯಾಂಕು ತನ್ನ ಮೌಲ್ಯಮಾಪಕರನ್ನು ಕಳುಹಿಸುತ್ತದೆ. ಮಾಸಿದ ಗೋಡೆ, ಹಳೆಯ ಅಡುಗೆಮನೆ, ಸವೆದ ನೆಲ ಅವರನ್ನು ತಡೆಯುವುದಿಲ್ಲ. ಕುಸಿದ ಚಾವಣಿ, ವಾಲಿದ ಗೋಡೆ, ನೀರು ಅಥವಾ ವಿದ್ಯುತ್ ಸಂಪರ್ಕವಿಲ್ಲದಿರುವುದು, ಅಪಾಯಕಾರಿ ತಂತಿ ಜಾಲ, ಇವು ತಡೆಯುತ್ತವೆ. ಆ ಕ್ಷಣಕ್ಕೆ ನಿಮ್ಮ ಗಿರಾಕಿಗಳ ಗುಂಪು ನಗದು ಇಟ್ಟುಕೊಂಡವರಿಗೆ ಸೀಮಿತವಾಗುತ್ತದೆ, ಮತ್ತು ನಗದು ಇಟ್ಟುಕೊಂಡವರಿಗೆ ತಮ್ಮ ಬಲ ಚೆನ್ನಾಗಿ ಗೊತ್ತು.

ಹಾಗಾಗಿ ದುರಸ್ತಿ ಬೇಕೋ ಬೇಡವೋ ಎಂದು ಇಡೀ ಮನೆಗೆ ಒಂದೇ ಉತ್ತರ ಹುಡುಕಬೇಡಿ. ಸಾಲಕ್ಕೆ ಅಡ್ಡ ಬರುವ ದೋಷಗಳನ್ನು ಒಂದು ಕಡೆ, ಅಡ್ಡ ಬಾರದವನ್ನು ಇನ್ನೊಂದು ಕಡೆ ಬರೆಯಿರಿ. ಮೊದಲ ಪಟ್ಟಿಯಲ್ಲಿ ಒಂದೋ ಎರಡೋ ಇದ್ದು ಸಣ್ಣ ಖರ್ಚಿನಲ್ಲಿ ಮುಗಿಯುವಂತಿದ್ದರೆ ಅವನ್ನು ಮಾತ್ರ ಮಾಡಿಸಿ. ಕಡಿತಗೊಂಡ ವಿದ್ಯುತ್ ಸಂಪರ್ಕವನ್ನು ಮರಳಿ ಪಡೆಯುವುದಕ್ಕೆ ಹಾಕಿದ ಹಣ ಹಿಂದಿರುಗುವಷ್ಟು ಬೇರೆ ಯಾವುದೂ ಹಿಂದಿರುಗುವುದಿಲ್ಲ. ಎರಡನೆಯ ಪಟ್ಟಿಯನ್ನು ಮುಟ್ಟಲೇಬೇಡಿ. ಮಾರುವ ಮುನ್ನ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸುವವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಅವರು ಆರಿಸಿದ ಕಲ್ಲಿನ ಬಣ್ಣ ಕೊಳ್ಳುವವರಿಗೆ ಹಿಡಿಸದಿದ್ದರೆ ಆ ಹಣ ಹೋದ ಹಾಗೆಯೇ.

ದೋಷಗಳ ಜಾತಿ

ಬಿರುಕುಗಳೆಲ್ಲ ಒಂದೇ ಅಲ್ಲ. ಗಾರೆಯ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕು ಗಾರೆ ಒಣಗುವಾಗ ಕುಗ್ಗಿದ್ದರಿಂದ ಬಂದದ್ದು, ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಯ ಸಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು ತಳಪಾಯದ ಕಥೆ ಹೇಳುತ್ತಿರಬಹುದು. ಕಟ್ಟಡ ತಜ್ಞರ ರೂಢಿಯಲ್ಲಿರುವ ಒಂದು ವರ್ಗೀಕರಣದಲ್ಲಿ 5 ಮಿಲಿಮೀಟರ್‌ವರೆಗಿನ ಬಿರುಕು ‘ಸಣ್ಣದು’. 5ರಿಂದ 15 ಮಿಲಿಮೀಟರ್‌ನದು ಮಧ್ಯಮ, ಅದರಾಚೆಯದು ತೀವ್ರ. ಅಗಲಕ್ಕಿಂತಲೂ ಮುಖ್ಯವಾದದ್ದು ಅದು ಬೆಳೆಯುತ್ತಿದೆಯೇ ಎಂಬುದು. ಬಿರುಕಿನ ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲೇ ದಿನಾಂಕ ಬರೆದು, ತಿಂಗಳಿಗೊಮ್ಮೆ ಅಳೆಯಿರಿ. ಆರು ತಿಂಗಳು ಅಲುಗದ ಬಿರುಕಿನ ದಾಖಲೆ ನಿಮ್ಮ ಕೈಯಲ್ಲಿದ್ದರೆ ಚೌಕಾಸಿಯ ಹೊತ್ತಿಗೆ ಅದು ಬಲವಾದ ಸಾಕ್ಷಿ.

ಕಾಂಕ್ರೀಟ್ ಚಾವಣಿಯ ಚಕ್ಕೆ ಉದುರಿ ಕಬ್ಬಿಣದ ಸರಳು ಕಾಣುತ್ತಿದ್ದರೆ ಅದನ್ನು ಗಾರೆ ಮೆತ್ತಿ ಮುಚ್ಚಬೇಡಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಮೆತ್ತಿದ ಗಾರೆ ಮುಂದಿನ ಮಳೆಗಾಲಕ್ಕೆ ಉದುರುತ್ತದೆ, ಆಗ ನೀವು ಮುಚ್ಚಿಟ್ಟವರಾಗುತ್ತೀರಿ. ತೇವಕ್ಕೂ ಇದೇ ಮಾತು. ನೀರಿನ ಮೂಲ ಹುಡುಕದೆ ಬಣ್ಣ ಬಳಿದರೆ ಅಲ್ಲಿ ಉಪ್ಪು ಹೂವಿನಂತೆ ಮತ್ತೆ ಅರಳುತ್ತದೆ. ಒಂದೋ ಮೂಲ ಸರಿಪಡಿಸಿ, ಇಲ್ಲವೇ ಕಲೆಯನ್ನು ಹಾಗೆಯೇ ಬಿಡಿ. ಕಾಣುವ ಕಲೆಯ ಬಗ್ಗೆ ಯಾರೂ ‘ನನಗೆ ಗೊತ್ತಿರಲಿಲ್ಲ’ ಎಂದು ದೂರುವಂತಿಲ್ಲ.

ಗೆದ್ದಲು, ಹಳೆಯ ಕಲ್ನಾರಿನ ಹಾಳೆ, ಸೀಸ ಬೆರೆತ ಹಳೆಯ ಬಣ್ಣ, ಇವು ಇನ್ನೊಂದು ಜಾತಿ. ಕಣ್ಣಿಗೆ ಸೌಮ್ಯ, ಪರಿಣಾಮಕ್ಕೆ ಗಂಭೀರ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಸುವುದನ್ನು 1978ರಲ್ಲಿ ನಿಷೇಧಿಸಲಾಯಿತು. ಅದಕ್ಕಿಂತ ಹಳೆಯ ಮನೆ ಮಾರುವವರು ಈ ಬಗ್ಗೆ ತಮಗೆ ಗೊತ್ತಿರುವುದನ್ನು ಲಿಖಿತವಾಗಿ ತಿಳಿಸಲೇಬೇಕು. ‘ಇದ್ದ ಸ್ಥಿತಿಯಲ್ಲಿ’ ಎಂದು ಬರೆದ ಮಾತ್ರಕ್ಕೆ ಅವರಿಗೆ ಅಲ್ಲಿ ವಿನಾಯಿತಿ ಸಿಗುವುದಿಲ್ಲ.

ಇನ್ನು ಕಸ ತೆಗೆಸುವುದು, ಕಿಟಕಿ ಒರೆಸುವುದು, ಸುಟ್ಟ ಬಲ್ಬು ಬದಲಿಸುವುದು. ಇವು ದುರಸ್ತಿಯಲ್ಲ. ಮಾಡಿ.

ಹೇಳುವುದೋ, ಸುಮ್ಮನಿರುವುದೋ

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಮನೆ ಮಾರುವವರು ಮಂತ್ರದಂತೆ ನೆಚ್ಚಿಕೊಳ್ಳುತ್ತಾರೆ. ಕಾನೂನು ಮಾತ್ರ ಅನೇಕ ಕಡೆ ಅದಕ್ಕೆ ಎದುರಾಗಿ ನಿಂತಿದೆ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮಹತ್ವದ ದೋಷವನ್ನು ತಿಳಿಸುವುದು ಮಾರುವವರ ಹೊಣೆ. ಕರಾರಿನಲ್ಲಿ ಬೇರೆ ಷರತ್ತಿದ್ದರೆ ಮಾತು ಬೇರೆ, ಆದರೆ ಮೋಸಕ್ಕೆ ಯಾವ ಷರತ್ತೂ ಕವಚವಾಗುವುದಿಲ್ಲ. ಫ್ರಾನ್ಸಿನ ನಾಗರಿಕ ಸಂಹಿತೆಯ 1641ನೇ ವಿಧಿ ಅಡಗಿದ ದೋಷಕ್ಕೆ ಮಾರುವವರನ್ನು ಹೊಣೆ ಮಾಡುತ್ತದೆ. ಜರ್ಮನಿಯ ನಾಗರಿಕ ಸಂಹಿತೆಯ 444ನೇ ಕಲಮು ಇನ್ನೂ ನೇರ: ದೋಷವನ್ನು ವಂಚನೆಯಿಂದ ಮುಚ್ಚಿಟ್ಟವರು ‘ನನ್ನ ಹೊಣೆಯಿಲ್ಲ’ ಎಂಬ ಷರತ್ತಿನ ಆಸರೆ ಪಡೆಯುವಂತಿಲ್ಲ. ಕೊಳ್ಳುವವರೇ ಎಚ್ಚರವಾಗಿರಬೇಕೆಂಬ ಹಳೆಯ ನಿಯಮ ಉಳಿದಿರುವ ಇಂಗ್ಲೆಂಡಿನಲ್ಲೂ, ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೆ 1967ರ ತಪ್ಪು ನಿರೂಪಣೆ ಕಾಯ್ದೆ ಹಿಡಿಯುತ್ತದೆ.

ಈ ವಿಷಯದಲ್ಲಿ ನನಗೆ ಅಚ್ಚುಮೆಚ್ಚಿನ ತೀರ್ಪು 1991ರದ್ದು, ನ್ಯೂಯಾರ್ಕ್ ರಾಜ್ಯದ ಮೇಲ್ಮನವಿ ನ್ಯಾಯಾಲಯದ್ದು. ಮನೆಯ ಒಡತಿ ಅಲ್ಲಿ ದೆವ್ವಗಳಿವೆ ಎಂದು ಪತ್ರಿಕೆಗಳಲ್ಲಿ ಹೇಳಿಕೊಂಡಿದ್ದರು. ಬೇರೆ ಊರಿನಿಂದ ಬಂದ ಖರೀದಿದಾರರಿಗೆ ಮಾತ್ರ ಅದನ್ನು ಹೇಳಲಿಲ್ಲ. ತಾವೇ ಊರಿಗೆಲ್ಲ ಸಾರಿದ ಮೇಲೆ ಈಗ ಇಲ್ಲವೆನ್ನಲು ಬರುವುದಿಲ್ಲ, ಹಾಗಾಗಿ ಕಾನೂನಿನ ದೃಷ್ಟಿಯಲ್ಲಿ ಈ ಮನೆಯಲ್ಲಿ ದೆವ್ವವಿದೆ ಎಂದ ನ್ಯಾಯಾಲಯ, ಖರೀದಿದಾರರು ಕರಾರಿನಿಂದ ಹೊರಬರಲು ಅವಕಾಶ ಕೊಟ್ಟಿತು. ಅಷ್ಟಕ್ಕೇ ಬಿಡಲಿಲ್ಲ. ದೆವ್ವಗಳು ಒಳಗಿರುವಾಗ ಮನೆಯನ್ನು ಖಾಲಿ ಮಾಡಿಕೊಟ್ಟಂತಾಗುವುದಿಲ್ಲ ಎಂದೂ ಸೇರಿಸಿತು.

ಕಾನೂನಿನ ಭಯ ಬದಿಗಿರಲಿ, ಹೇಳುವುದರಲ್ಲಿ ಲಾಭವೇ ಇದೆ. ಮೊದಲ ದಿನವೇ ಹೇಳಿದ ದೋಷ ಬೆಲೆಯೊಳಗೆ ಸೇರಿಹೋಗುತ್ತದೆ. ಮುಂಗಡ ಕೊಟ್ಟ ಮೇಲೆ ಪರೀಕ್ಷೆಯಲ್ಲಿ ಪತ್ತೆಯಾದ ಅದೇ ದೋಷ ಎರಡನೆಯ ಸುತ್ತಿನ ಚೌಕಾಸಿಗೆ ಬಾಗಿಲು ತೆರೆಯುತ್ತದೆ. ಅಷ್ಟು ಹೊತ್ತಿಗೆ ನೀವು ಬೇರೆ ಗಿರಾಕಿಗಳನ್ನು ಕಳುಹಿಸಿಬಿಟ್ಟಿರುತ್ತೀರಿ. ಆಗ ಕೊಳ್ಳುವವರು ‘ಇದನ್ನೊಂದು ಸರಿಪಡಿಸಿಕೊಡಿ’ ಎಂದು ಕೇಳಿದರೆ, ಕೆಲಸ ಮಾಡಿಸಿಕೊಡುವುದಕ್ಕಿಂತ ಅಷ್ಟು ಹಣ ಬಿಟ್ಟುಕೊಡುವುದು ಮೇಲು. ನೀವು ಮಾಡಿಸಿದ ಕೆಲಸದಲ್ಲಿ ಅವರಿಗೆ ನಂಬಿಕೆ ಇರುವುದಿಲ್ಲ, ಅದರಲ್ಲೇ ಹೊಸ ಜಗಳ ಹುಟ್ಟುತ್ತದೆ.

ನಗದು ವ್ಯಾಪಾರಿಯ ಜೊತೆ

‘ಯಾವ ಸ್ಥಿತಿಯಲ್ಲಿದ್ದರೂ ಕೊಳ್ಳುತ್ತೇವೆ, ಒಂದು ವಾರದಲ್ಲಿ ಹಣ’ ಎನ್ನುವವರಲ್ಲಿ ಎರಡು ಬಗೆ. ಒಬ್ಬರು ನಿಜವಾಗಿ ಹಣವಿಟ್ಟು ಕೊಳ್ಳುವವರು. ಇನ್ನೊಬ್ಬರು ನಿಮ್ಮೊಂದಿಗೆ ಕರಾರು ಮಾಡಿಕೊಂಡು, ಆ ಕರಾರನ್ನೇ ಮೂರನೆಯವರಿಗೆ ಲಾಭಕ್ಕೆ ಮಾರುವವರು. ಗಿರಾಕಿ ಸಿಗದಿದ್ದರೆ ಎರಡನೆಯವರು ಮಾಯವಾಗುತ್ತಾರೆ, ನಿಮ್ಮ ಎರಡು ತಿಂಗಳು ಹೋಗಿರುತ್ತದೆ. ಹಣ ಇರುವುದಕ್ಕೆ ಬ್ಯಾಂಕಿನ ದಾಖಲೆ ಕೇಳಿ. ಕರಾರನ್ನು ಇನ್ನೊಬ್ಬರಿಗೆ ವಹಿಸುವ ಹಕ್ಕು ಅದರಲ್ಲಿ ಬರೆದಿದೆಯೇ ನೋಡಿ, ಇದ್ದರೆ ಹೊಡೆದುಹಾಕಿಸಿ. ಮುಂಗಡ ನಾಮಮಾತ್ರಕ್ಕಿದ್ದರೆ ಅವರ ಮಾತೂ ನಾಮಮಾತ್ರದ್ದೇ.

ಇನ್ನೊಂದು ಹಳೆಯ ಪಟ್ಟು: ಮೊದಲು ಆಕರ್ಷಕ ಬೆಲೆ ಹೇಳಿ, ನೋಂದಣಿಗೆ ಎರಡು ದಿನ ಇರುವಾಗ ‘ಚಾವಣಿ ನೋಡಿದೆವು, ಇಷ್ಟು ಇಳಿಸಬೇಕು’ ಎನ್ನುವುದು. ನೀವು ಆಗಲೇ ಸಾಮಾನು ಕಟ್ಟಿರುತ್ತೀರಿ. ಇದಕ್ಕೆ ಮದ್ದು ಮತ್ತೆ ಅದೇ ವರದಿ. ಅದನ್ನು ಮೊದಲೇ ಕೊಟ್ಟು, ‘ಓದಿದ್ದೇವೆ, ಈ ಬೆಲೆ ಅದನ್ನು ಗಣಿಸಿಯೇ ಹೇಳಿದ್ದು’ ಎಂದು ಸಹಿ ಹಾಕಿಸಿಕೊಂಡಿದ್ದರೆ ಆ ಪಟ್ಟು ನಡೆಯುವುದಿಲ್ಲ. ಒಬ್ಬರ ಬೆಲೆ ಕೇಳಿ ನಿಲ್ಲಬೇಡಿ. ಮೂವರದನ್ನಾದರೂ ಕೇಳಿ, ಅವರಲ್ಲಿ ಒಬ್ಬರು ವ್ಯಾಪಾರಿಯಲ್ಲದ, ತಾವೇ ವಾಸಿಸಲು ಕೊಳ್ಳುವವರಾಗಿರಲಿ.

ಯಾರಿಗೆ ಯಾವುದು

ಕೈಯಲ್ಲಿ ಹಣವಿದ್ದು, ಅವಸರವಿಲ್ಲದೆ, ದೋಷಗಳು ಸ್ಪಷ್ಟವಾಗಿದ್ದು, ನಂಬಿಕೆಯ ಮೇಸ್ತ್ರಿ ಇದ್ದರೆ ದುರಸ್ತಿಯ ದಾರಿ ಕೆಟ್ಟದ್ದಲ್ಲ. ಬೇಡಿಕೆ ಕಡಿಮೆಯಿರುವ ಕಾಲದಲ್ಲಿ ಅದೇ ಮೇಲು, ಏಕೆಂದರೆ ಆಯ್ಕೆ ಹೆಚ್ಚಿರುವ ಗಿರಾಕಿಗಳು ಕೆಲಸವಿರುವ ಮನೆಯತ್ತ ತಿರುಗಿಯೂ ನೋಡುವುದಿಲ್ಲ. ಬೇಡಿಕೆ ಜೋರಾಗಿದ್ದರೆ ದುರಸ್ತಿ ಮರೆತುಬಿಡಿ.

ಪಿತ್ರಾರ್ಜಿತ ಮನೆ, ನಾಲ್ಕು ಜನ ವಾರಸುದಾರರು, ಅವರಲ್ಲಿ ಇಬ್ಬರು ದೂರದಲ್ಲಿ ಎಂದಾದರೆ ವರದಿ ಮಾಡಿಸಿ ಇದ್ದ ಹಾಗೆ ಮಾರಿ. ಯಾವ ಹಂಚು ಬದಲಿಸಬೇಕು, ಖರ್ಚು ಯಾರು ಹಾಕಬೇಕು ಎಂದು ಅಣ್ಣತಮ್ಮಂದಿರು ಮಾತು ಬಿಡುವುದಕ್ಕಿಂತ ಎರಡೋ ಮೂರೋ ಕಡಿಮೆಗೆ ಮಾರಿ ಹಂಚಿಕೊಳ್ಳುವುದು ಅಗ್ಗ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಮನೆ ನೆಲಕ್ಕಿಳಿಯುವಷ್ಟು ಹಳೆಯದಾಗಿದ್ದು ನಿವೇಶನ ಒಳ್ಳೆಯ ಜಾಗದಲ್ಲಿದ್ದರೆ ಲೆಕ್ಕವೇ ಬೇರೆ. ಆಗ ನೀವು ಮಾರುತ್ತಿರುವುದು ನೆಲವನ್ನು. ಕೊಳ್ಳುವವರು ಕೆಡಹುವ ಖರ್ಚನ್ನು ಕಳೆಯುತ್ತಾರೆ, ಹಳೆಯ ಬಾಗಿಲು, ಮರಮುಟ್ಟು, ಕಲ್ಲಿಗೆ ಬರುವ ಬೆಲೆಯನ್ನು ಸೇರಿಸುವುದಿಲ್ಲ. ಅದನ್ನು ನೀವೇ ನೆನಪಿಸಬೇಕು. ಬೇಕಾದ ಕೆತ್ತನೆಯ ಬಾಗಿಲೋ ಕಂಬವೋ ಇದ್ದರೆ ‘ಇದು ಮಾರಾಟದಲ್ಲಿ ಸೇರಿಲ್ಲ’ ಎಂದು ಕರಾರಿಗೆ ಮುಂಚೆಯೇ ಹೇಳಿಬಿಡಿ. ಹೇಳದೆ ಆಮೇಲೆ ಕೀಳಿಸಿಕೊಂಡು ಹೋದರೆ ಕಳ್ಳತನದ ಮಾತು ಬರುತ್ತದೆ.

ಕರಾರಿನಲ್ಲಿ ಬರೆಯಬೇಕಾದದ್ದು

‘ಇದ್ದ ಸ್ಥಿತಿಯಲ್ಲಿ’ ಎಂಬ ಎರಡು ಪದ ಸಾಲದು. ಯಾವ ದಿನದ ಸ್ಥಿತಿ? ನೋಡಿದ ದಿನದ್ದೋ, ಕರಾರಿನ ದಿನದ್ದೋ, ಬೀಗದ ಕೈ ಕೊಡುವ ದಿನದ್ದೋ? ನಡುವಿನ ಮೂರು ತಿಂಗಳಲ್ಲಿ ಮೇಲಿನ ತೊಟ್ಟಿ ಒಡೆದರೆ ಯಾರ ಖರ್ಚು? ಇದನ್ನು ಬರೆಯದೆ ಬಿಟ್ಟಲ್ಲೇ ಜಗಳ ಹುಟ್ಟುತ್ತದೆ. ಗೊತ್ತಿರುವ ದೋಷಗಳನ್ನು ಅನುಬಂಧದಲ್ಲಿ ಒಂದೊಂದಾಗಿ ಬರೆದು, ಎಂಜಿನಿಯರ್ ವರದಿಯನ್ನು ಲಗತ್ತಿಸಿ, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ. ಪರೀಕ್ಷೆಗೆ ಹತ್ತೋ ಹದಿನೈದೋ ದಿನದ ಗಡುವು ಕೊಡಿ, ಅದು ಮುಗಿದ ಮೇಲೆ ಸ್ಥಿತಿಯ ಕಾರಣಕ್ಕೆ ಬೆಲೆ ಬದಲಾಗುವುದಿಲ್ಲ ಎಂದೂ ಬರೆಸಿ. ಒಳಗೆ ಉಳಿಯುವ ಹಳೆಯ ಸಾಮಾನನ್ನು ಯಾರು ತೆಗೆಸಬೇಕು ಎಂಬುದೂ ಅಲ್ಲಿರಲಿ.

ಮನೆ ಖಾಲಿಯಿದ್ದರೆ ವಿಮೆಯ ಪತ್ರವನ್ನು ಇಂದೇ ತೆಗೆದು ಓದಿ. ಮನೆ 30 ಅಥವಾ 60 ದಿನ ಖಾಲಿ ಬಿದ್ದ ಮೇಲೆ ಹಲವು ವಿಮೆಗಳು ತಮ್ಮ ಹೊಣೆಯನ್ನು ಕುಗ್ಗಿಸಿಕೊಳ್ಳುತ್ತವೆ. ಸೋರುವ ಕೊಳವೆಯಿರುವ ಖಾಲಿ ಮನೆಯಲ್ಲಿ ನೀರಿನ ಮುಖ್ಯ ತಿರುಪನ್ನು ಮುಚ್ಚಿ ಬನ್ನಿ, ಗಿರಾಕಿ ಬಂದ ದಿನ ಮಾತ್ರ ತೆರೆಯಿರಿ. ಕರಾರಿನ ದಿನ ಒಂದೊಂದು ಕೋಣೆಯ ನಾಲ್ಕು ಗೋಡೆ, ನೆಲ, ಚಾವಣಿಯ ಚಿತ್ರ ತೆಗೆದು ದಿನಾಂಕದೊಂದಿಗೆ ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ತೇವದ ಗೋಡೆಯ ಚಿತ್ರವನ್ನು ಎರಡು ಸಲ ತೆಗೆಯಿರಿ, ಒಂದನ್ನು ದೂರದಿಂದ, ಇನ್ನೊಂದನ್ನು ಅಂಗೈ ಇಡುವಷ್ಟು ಹತ್ತಿರದಿಂದ.